ಊರು ಚಲಿಸಿತೋ, ಜನ ಚಲಿಸಿದರೋ?

ರೈಲು ಹೊರಡುವುದನ್ನೇ ಕಾಯುತ್ತ ಕಿಟಕಿಯ ಬಳಿ ಕುಳಿತಿದ್ದೇವೆ. ಪಕ್ಕದ ಹಳಿಯ ಮೇಲೆ ಇನ್ನೊಂದು ರೈಲು ನಿಂತಿದೆ. ಇದ್ದಕ್ಕಿದ್ದಂತೆ ನಮ್ಮ ಗಾಡಿ ಹೊರಟಂತೆ ತೋರುತ್ತದೆ. ಸದ್ಯ ಹೊರಟಿತಲ್ಲ ಎಂದು ಮನಸ್ಸಿಗೆ ಸಮಾಧಾನವಾಗುತ್ತದೆ. ಆದರೆ ಕ್ಷಣಕಾಲದಲ್ಲಿ ಪಕ್ಕದ ಗಾಡಿಯ ಕೊನೆಯ ಡಬ್ಬಿ ಸರಿದುಹೋಗಿ, ಅದೇ ಪ್ಲಾಟ್‌ಫಾರಂ, ಅದೇ ಕಂಬ, ಅದೇ ಕಾಫಿ ಮಾರುವವನು ಮತ್ತೆ ಕಾಣಿಸಿಕೊಳ್ಳುತ್ತಾರೆ. ಹೊರಟವರು ಆಚೆಯವರು, ನಾವು ಇದ್ದಲ್ಲೇ ಇದ್ದೇವೆ! ಚಲನೆಯೆಂಬುದು ಯಾವಾಗಲೂ ಇನ್ನೊಂದು ವಸ್ತುವನ್ನು ಕುರಿತು ಹೇಳತಕ್ಕ ಮಾತು, ಯಾವುದನ್ನು ಕುರಿತು ಎಂದು ಹೇಳದಿದ್ದರೆ ಆ ಮಾತಿಗೆ ಅರ್ಥವೇ ಇಲ್ಲ ಎಂಬ ವಿಷಯವನ್ನು ಗೆಲಿಲಿಯೊ 1632ರಷ್ಟು ಹಿಂದೆಯೇ, ಸಮುದ್ರದ ಮೇಲೆ ಸಾಗುವ ಹಡಗಿನ ಉದಾಹರಣೆಯಿಂದ ಮನಗಾಣಿಸಿದನು.

ಈ ಪಾಠವನ್ನು ತರಗತಿಯಲ್ಲಿ ಹೇಳಿ ಮುಗಿಸಿದ ದಿನ, ವಿರಾಮದ ಹೊತ್ತಿನಲ್ಲಿ, ಇಬ್ಬರು ವಿದ್ಯಾರ್ಥಿಗಳನ್ನು 'ನಿಮ್ಮ ಊರು ಯಾವುದು?' ಎಂದು ಸುಮ್ಮನೆ ಕೇಳಿದೆ. ಇಬ್ಬರೂ ಬೆಂಗಳೂರಿನ ಪಶ್ಚಿಮದ ಅಂಚಿನಲ್ಲಿರುವ ಬ್ಯಾಡರಹಳ್ಳಿಯಿಂದ ಬರುವವರು. ಮೊದಲನೆಯವನು ಹುಟ್ಟಿ ಬೆಳೆದದ್ದು ಅಲ್ಲಿಯೇ. ಆದರೂ ಅವನು ಕುಣಿಗಲ್ ತಾಲ್ಲೂಕಿನ ಒಂದು ಹಳ್ಳಿಯ ಹೆಸರನ್ನು ಹೇಳಿದನು. ಅವನ ತಂದೆ ಅಲ್ಲಿಂದ ಬಂದವರು. ಇವನು ವರ್ಷಕ್ಕೊಮ್ಮೆ ಊರಹಬ್ಬಕ್ಕೆ ಹೋಗಿಬರುತ್ತಾನೆ, ಅಷ್ಟೆ. ಎರಡನೆಯವನ ಅಜ್ಜ ಮುತ್ತಜ್ಜಂದಿರೆಲ್ಲ ಬ್ಯಾಡರಹಳ್ಳಿಯ ಒಕ್ಕಲಿನವರು. ಅವನು ಸ್ವಲ್ಪ ತಡೆದು, 'ನಮ್ಮದು ಇದೇ ಊರು ಸಾರ್. ಆದರೆ ಊರು ಅಂತ ತೋರಿಸೋದಕ್ಕೆ ಈಗ ಏನೂ ಉಳಿದಿಲ್ಲ' ಎಂದನು.

ಒಬ್ಬನು ಇರುವ ಊರನ್ನು ತನ್ನದೆನ್ನಲಾರ. ಇನ್ನೊಬ್ಬನು ತನ್ನ ಊರಿನಲ್ಲಿದ್ದೂ ಅದನ್ನು ಕಾಣಲಾರ. ಇವರಲ್ಲಿ ವಲಸೆ ಬಂದವನು ಯಾರು? ರೈಲಿನ ಕಿಟಕಿಯ ಪ್ರಶ್ನೆಯೇ ಇಲ್ಲಿ ಬೇರೊಂದು ವೇಷದಲ್ಲಿ ಎದುರಾಗುತ್ತದೆ. ಭೌತಶಾಸ್ತ್ರದ ಮೇಷ್ಟರಿಗೆ ಇದರಲ್ಲಿ ಏನು ಕೆಲಸವೆಂದು ಓದುಗರು ಕೇಳಬಹುದು. ಕಳೆದ ಒಂದೂಕಾಲು ಶತಮಾನದಲ್ಲಿ ಜನರ ವಲಸೆಯನ್ನು ಅಳೆಯಲು ಹೊರಟ ಅನೇಕರು ಭೌತಶಾಸ್ತ್ರದ ಅಳತೆಗೋಲನ್ನೇ ಎರವಲು ಪಡೆದಿದ್ದಾರೆ. ಆ ಕೋಲು ಎಲ್ಲಿಯವರೆಗೆ ನಿಲುಕುತ್ತದೆ, ಎಲ್ಲಿ ಗಿಡ್ಡವಾಗುತ್ತದೆ ಎಂಬುದನ್ನು ಒಂದು ರಸ್ತೆಯ ಮೇಲೆ ನಡೆಯುತ್ತ ನೋಡೋಣ.

ಮೂರು ಹೆಸರುಗಳು

ಬೆಂಗಳೂರಿನಿಂದ ಪಶ್ಚಿಮಕ್ಕೆ, ಕೆಂಪೇಗೌಡರ ವಂಶದವರು ಆಳಿದ ಮಾಗಡಿಗೆ ಹೋಗುವುದೇ ಮಾಗಡಿ ರಸ್ತೆ. ಟೋಲ್‌ಗೇಟ್, ಕಾಮಾಕ್ಷಿಪಾಳ್ಯ, ಸುಮನಹಳ್ಳಿಗಳನ್ನು ದಾಟಿದರೆ ಸುಂಕದಕಟ್ಟೆ, ಅದರ ಮುಂದೆ ಹೇರೋಹಳ್ಳಿ, ಬ್ಯಾಡರಹಳ್ಳಿ, ಅದರಾಚೆ ಗೊಲ್ಲರಹಟ್ಟಿ. ಈ ಹೆಸರುಗಳನ್ನು ಒಮ್ಮೆ ನಿಧಾನವಾಗಿ ಉಚ್ಚರಿಸಿ ನೋಡಿರಿ. ಸುಂಕದಕಟ್ಟೆಯೆಂದರೆ ಹಾದಿಹೋಕರಿಂದಲೂ ಸರಕಿನ ಗಾಡಿಗಳಿಂದಲೂ ಸುಂಕವನ್ನು ಎತ್ತುತ್ತಿದ್ದ ತಾಣ. ಬ್ಯಾಡರಹಳ್ಳಿಯಲ್ಲಿರುವುದು 'ಬೇಡ' ಎಂಬ ಮಾತಿನ ಆಡುನುಡಿಯ ರೂಪ. ಬೇಟೆಗಾಗಿ ಕಾಡಿನಿಂದ ಕಾಡಿಗೆ ಅಲೆದವರ ನೆನಪು ಅದರಲ್ಲಿದೆ. ಗೊಲ್ಲರಹಟ್ಟಿ ದನಕುರಿಗಳ ಹಿಂದೆ ಹುಲ್ಲು ನೀರು ಹುಡುಕಿ ನಡೆದವರು ಬಿಡಾರ ಹೂಡಿದ ಜಾಗ. ಇಂದು ನಾವು ಯಾವುದನ್ನು ಕದಲದ ಹಳೆಯ ಊರು ಎಂದು ಭಾವಿಸುತ್ತೇವೆಯೋ ಅದರ ಹೆಸರಿನಲ್ಲೇ ನಡೆದುಬಂದವರ ಹೆಜ್ಜೆಯ ಗುರುತುಗಳಿವೆ!

ಬೆಂಗಳೂರಿನ ಮಿಕ್ಕ ಕಥೆಯೂ ಹೀಗೆಯೇ. 1537ರಲ್ಲಿ ಕೆಂಪೇಗೌಡರು ಕೋಟೆ ಪೇಟೆಗಳನ್ನು ಕಟ್ಟಿದಾಗ ಬೇರೆ ಬೇರೆ ಕಸುಬಿನವರು ಬಂದು ನೆಲೆಸಿದರು. 1809ರಲ್ಲಿ ದಂಡು ಪ್ರದೇಶ ಸ್ಥಾಪನೆಯಾದಾಗ ತಮಿಳು ನಾಡಿನಿಂದ ಸಾವಿರಾರು ಜನ ಬಂದರು. 1898ರ ಪ್ಲೇಗ್ ಮಾರಿ ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರದೂಡಿತು. ಮಲ್ಲೇಶ್ವರ, ಬಸವನಗುಡಿಗಳು ಬೆಳೆದವು. ಹಿಂದೂಸ್ತಾನ್ ವಿಮಾನ ಕಾರ್ಖಾನೆ 1940ರಲ್ಲಿ, ದೂರವಾಣಿ ಕಾರ್ಖಾನೆ 1948ರಲ್ಲಿ, ಗಡಿಯಾರಕ್ಕೆ ಹೆಸರಾದ ಎಚ್.ಎಂ.ಟಿ. 1953ರಲ್ಲಿ, ಬಿ.ಇ.ಎಲ್. 1954ರಲ್ಲಿ ಸ್ಥಾಪಿತವಾದವು. ಪಶ್ಚಿಮದ ಬಯಲಿನಲ್ಲಿ 1949ರಲ್ಲಿ ಕೈಗಾರಿಕೆಯ ಉಪನಗರವೊಂದಕ್ಕೆ ಅಡಿಗಲ್ಲು ಬಿದ್ದಿತು. ಅಂದಿನ ಗವರ್ನರ್ ಜನರಲ್ ರಾಜಾಜಿಯವರ ಹೆಸರಿನಿಂದ ಅದು ರಾಜಾಜಿನಗರವಾಯಿತು. 1970ರ ದಶಕದಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶ ತಲೆಯೆತ್ತಿತು. 1941ರ ಜನಗಣತಿಯಲ್ಲಿ ನಾಲ್ಕು ಲಕ್ಷಕ್ಕೆ ತುಸು ಮಿಗಿಲಾಗಿದ್ದ ಬೆಂಗಳೂರಿನ ಜನಸಂಖ್ಯೆ 1951ರಲ್ಲಿ ಸುಮಾರು 7.8 ಲಕ್ಷವಾಯಿತು; 2011ರ ಹೊತ್ತಿಗೆ ಸುಮಾರು 84 ಲಕ್ಷ. ಇದರಲ್ಲಿ ಬಂದವರ ಪಾಲು ಎಷ್ಟೋ, ನಗರವೇ ಹಿಗ್ಗಿ ಸುತ್ತಲ ಹಳ್ಳಿಗಳನ್ನು ಒಳಗೆ ಹಾಕಿಕೊಂಡದ್ದರ ಪಾಲೂ ಅಷ್ಟೇ ಗಮನಾರ್ಹವಾದುದು. 2007ರಲ್ಲಿ ಒಂದೇ ಆದೇಶದಿಂದ ಏಳು ನಗರಸಭೆಗಳು, ಕೆಂಗೇರಿಯ ಪುರಸಭೆ ಮತ್ತು 110 ಹಳ್ಳಿಗಳು ಬೆಂಗಳೂರಿನ ಪಾಲಿಕೆಯೊಳಗೆ ಸೇರಿದವು. ಆ ಹಳ್ಳಿಗರು ರಾತ್ರಿ ಹಳ್ಳಿಯಲ್ಲಿ ಮಲಗಿ ಬೆಳಿಗ್ಗೆ ಮಹಾನಗರದಲ್ಲಿ ಎದ್ದರೆಂದರೆ ತಪ್ಪಾಗದು.

ದೂರದ ಲೆಕ್ಕ

ಜನ ಎಲ್ಲಿಂದ ಬರುತ್ತಾರೆ? ಇದಕ್ಕೊಂದು ನಿಯಮವುಂಟೆ? ಇಂಗ್ಲೆಂಡಿನಲ್ಲಿ ನೆಲೆಸಿದ್ದ, ಹುಟ್ಟಿನಿಂದ ಜರ್ಮನಿಯವನಾದ ರೇವನ್‌ಸ್ಟೈನ್ ಎಂಬ ಭೂಗೋಳಶಾಸ್ತ್ರಜ್ಞನು 1885ರಲ್ಲಿ ಬ್ರಿಟನ್ನಿನ ಜನಗಣತಿಯ ಅಂಕಿಗಳನ್ನು ಜಾಲಾಡಿ ಕೆಲವು ನಿಯಮಗಳನ್ನು ಮುಂದಿಟ್ಟನು. ವಲಸೆ ಹೋಗುವವರಲ್ಲಿ ಹೆಚ್ಚಿನವರು ಹತ್ತಿರದ ಊರಿಗೇ ಹೋಗುತ್ತಾರೆ. ಪ್ರತಿಯೊಂದು ಪ್ರವಾಹಕ್ಕೂ ಒಂದು ಎದುರು ಪ್ರವಾಹವಿರುತ್ತದೆ. ಸಮೀಪದ ಪ್ರಯಾಣಗಳಲ್ಲಿ ಗಂಡಸರಿಗಿಂತ ಹೆಂಗಸರೇ ಮುಂದು. ಇವು ಅವನು ಕಂಡುಕೊಂಡ ಮುಖ್ಯ ಸಂಗತಿಗಳು.

1940ರ ದಶಕದಲ್ಲಿ ಇದಕ್ಕೊಂದು ಭೌತಶಾಸ್ತ್ರದ ರೂಪ ದೊರೆಯಿತು. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಜಾನ್ ಸ್ಟೂವರ್ಟ್ ಎಂಬ ಖಭೌತವಿಜ್ಞಾನಿಯಿದ್ದನು. ಅಲ್ಲಿಗೆ ಓದಲು ಬರುವ ಹುಡುಗರ ಸಂಖ್ಯೆ ಅವರ ಊರಿನ ಜನಸಂಖ್ಯೆ ಹೆಚ್ಚಿದಂತೆ ಹೆಚ್ಚುತ್ತದೆ, ದೂರ ಹೆಚ್ಚಿದಂತೆ ಇಳಿಯುತ್ತದೆ ಎಂಬುದು ಅವನ ಕಣ್ಣಿಗೆ ಬಿದ್ದಿತು. ಗ್ರಹತಾರೆಗಳ ಲೆಕ್ಕ ಮಾಡುವವನಿಗೆ ನ್ಯೂಟನ್ನನ ಗುರುತ್ವಾಕರ್ಷಣೆಯ ನೆನಪಾದುದು ಸಹಜವೇ. 1946ರಲ್ಲಿ ಜಿಪ್ಫ್ ಎಂಬ ವಿದ್ವಾಂಸನು ಎರಡು ಊರುಗಳ ನಡುವಣ ಜನರ ಓಡಾಟವು ಅವುಗಳ ಜನಸಂಖ್ಯೆಗಳ ಗುಣಲಬ್ಧಕ್ಕೆ ನೇರ ಅನುಪಾತದಲ್ಲೂ ದೂರಕ್ಕೆ ವಿಲೋಮ ಅನುಪಾತದಲ್ಲೂ ಇರುತ್ತದೆ ಎಂದು ಸೂತ್ರವನ್ನೇ ಬರೆದನು. ನ್ಯೂಟನ್ನನ ನಿಯಮದಲ್ಲಿ ದೂರದ ವರ್ಗ ಬರುತ್ತದೆ. ಇಲ್ಲಿ ಬರಿಯ ದೂರ.

ಒಂದು ಚಿಕ್ಕ ಲೆಕ್ಕ ಮಾಡೋಣ. ಸಮನಾದ ಜನಸಂಖ್ಯೆಯ ಎರಡು ಊರುಗಳಿವೆ. ಒಂದು ಬೆಂಗಳೂರಿನಿಂದ 50 ಕಿ.ಮೀ., ಇನ್ನೊಂದು 400 ಕಿ.ಮೀ. ದೂರದಲ್ಲಿದೆ. ಜಿಪ್ಫನ ಸೂತ್ರದಂತೆ ಮೊದಲ ಊರಿನಿಂದ 8 ಜನ ಬಂದರೆ ಎರಡನೆಯದರಿಂದ ಒಬ್ಬನು ಬರುತ್ತಾನೆ. ದೂರದ ವರ್ಗವನ್ನು ಹಿಡಿದರೆ 64 ಜನಕ್ಕೆ ಒಬ್ಬ. ಮಾಗಡಿ ರಸ್ತೆಯ ಬಡಾವಣೆಗಳಲ್ಲಿ ಮಾಗಡಿ, ಕುಣಿಗಲ್, ತುಮಕೂರುಗಳ ಕಡೆಯವರು ಹೆಜ್ಜೆಗೊಬ್ಬರಂತೆ ಸಿಕ್ಕುವುದೂ, ರಾಯಚೂರು ಕಲಬುರಗಿಗಳ ಕಡೆಯವರು ಹುಡುಕಿದರೆ ಸಿಕ್ಕುವುದೂ ಏಕೆಂಬುದು ಇದರಿಂದ ತಕ್ಕಮಟ್ಟಿಗೆ ತಿಳಿಯುತ್ತದೆ. ನಮ್ಮ ದೇಶದ ಜನಗಣತಿಯೂ ರೇವನ್‌ಸ್ಟೈನನ ಪರವಾಗಿಯೇ ಸಾಕ್ಷಿ ನುಡಿಯುತ್ತದೆ. 2011ರಲ್ಲಿ ಹಿಂದಿನ ವಾಸಸ್ಥಳವನ್ನು ಬಿಟ್ಟು ಬಂದವರೆಂದು ಲೆಕ್ಕಕ್ಕೆ ಸಿಕ್ಕವರು ಸುಮಾರು 45 ಕೋಟಿ ಜನ. ಅವರಲ್ಲಿ ಹೆಚ್ಚಿನವರು ತಮ್ಮ ಜಿಲ್ಲೆಯನ್ನೇ ದಾಟಿರಲಿಲ್ಲ. ವಲಸೆಗೆ ಕೊಟ್ಟ ಕಾರಣಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಉದ್ಯೋಗವಲ್ಲ, ವಿವಾಹ. ಅಂದರೆ, 'ನಾವು ಎಲ್ಲಿಂದಲೂ ಬಂದವರಲ್ಲ' ಎಂದು ಹೇಳಿಕೊಳ್ಳುವ ಮನೆಯಲ್ಲೂ ತಾಯಿ, ಅಜ್ಜಿಯರು ತವರನ್ನು ಬಿಟ್ಟು ಬಂದವರೇ. ಪರಸ್ಥಳವನ್ನು ತನ್ನದಾಗಿಸಿಕೊಳ್ಳುವ ವಿದ್ಯೆಯನ್ನು ನಮ್ಮ ದೇಶದಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು ಸೊಸೆ.

ಆದರೆ ಈ ಸೂತ್ರದಲ್ಲಿ 'ರಾಶಿ' ಎಂದರೆ ಏನು? ನಗರದ ಜನಸಂಖ್ಯೆಯೇ ಅದರ ಸೆಳೆತವೆ? 2020ರ ಮಾರ್ಚ್ 24ರ ರಾತ್ರಿ ಇಡೀ ದೇಶಕ್ಕೆ ಬೀಗಮುದ್ರೆಯ ಘೋಷಣೆಯಾದಾಗ ಇದಕ್ಕೆ ಉತ್ತರ ದೊರೆಯಿತು. ಬೆಂಗಳೂರು ಇದ್ದಲ್ಲೇ ಇತ್ತು. ಕಟ್ಟಡಗಳೂ ಜನಸಂಖ್ಯೆಯೂ ಹಿಂದಿನಷ್ಟೇ. ದಿನಗೂಲಿ ಮಾತ್ರ ನಿಂತುಹೋಯಿತು. ಅಷ್ಟಕ್ಕೇ ಸೆಳೆತ ಕಡಿದುಬಿದ್ದು, ಕಟ್ಟಡದ ಕೆಲಸದವರೂ ಸಣ್ಣ ಕಾರ್ಖಾನೆಗಳ ಕಾರ್ಮಿಕರೂ ಗಂಟುಮೂಟೆ ಕಟ್ಟಿ, ಬಸ್ಸಿಲ್ಲದ ರಸ್ತೆಗಳಲ್ಲಿ ಮಕ್ಕಳನ್ನು ಹೊತ್ತು ಊರ ಕಡೆ ನಡೆದರು. ಮೇ ತಿಂಗಳಲ್ಲಿ ಶ್ರಮಿಕ ರೈಲುಗಳು ಹೊರಟವು. ರೇವನ್‌ಸ್ಟೈನನು ಹೇಳಿದ ಎದುರು ಪ್ರವಾಹವು ಸಾಮಾನ್ಯವಾಗಿ ಯುಗಾದಿಗೋ ಗೌರಿಹಬ್ಬಕ್ಕೋ ತುಂಬಿ ಹೋಗುವ ಬಸ್ಸುಗಳಲ್ಲಿ ಕಾಣುವಂಥದು. ಆ ಬೇಸಿಗೆಯಲ್ಲಿ ಅದು ಪ್ರಳಯದಂತೆ ಹರಿಯಿತು. ಎಷ್ಟೋ ವರ್ಷ ಇಲ್ಲಿ ದುಡಿದವರಿಗೆ ಆ ಹೊತ್ತಿನಲ್ಲಿ ಈ ನಗರ ತಮ್ಮದೆನಿಸಲಿಲ್ಲ. ನಗರದ ರಾಶಿಯಾಗಿ ಇಷ್ಟು ದಿನ ಕೆಲಸಮಾಡಿದ್ದು ಕೂಲಿಯೊಂದೇ; ಕೂಲಿ ತಪ್ಪಿದಾಗಲೂ ಹಿಡಿದಿಡಬಲ್ಲ ಬೇರೊಂದು ಬಂಧ ಅವರಿಗೆ ಇಲ್ಲಿ ಬೆಳೆದಿರಲಿಲ್ಲ.

ಕಲ್ಲುಸಕ್ಕರೆಯ ದಾರ

ಬಂದವರು ನಗರದಲ್ಲಿ ಎಲ್ಲೆಂದರಲ್ಲಿ ನೆಲೆಸುವುದಿಲ್ಲ. ಕಲ್ಲುಸಕ್ಕರೆ ತಯಾರಿಸುವುದನ್ನು ನೀವು ಕೇಳಿರಬಹುದು. ಬಿಸಿನೀರಿನಲ್ಲಿ ಕರಗುವಷ್ಟೂ ಸಕ್ಕರೆಯನ್ನು ಕರಗಿಸಿ ಆರಲು ಬಿಟ್ಟು, ಒಂದು ದಾರವನ್ನು ಇಳಿಬಿಡುತ್ತಾರೆ. ಆರಿದ ಪಾಕದಲ್ಲಿ ಹಿಡಿಸಲಾರದಷ್ಟು ಸಕ್ಕರೆ ಇದ್ದರೂ ಹರಳುಗಟ್ಟಲು ಅದಕ್ಕೊಂದು ಆಸರೆ ಬೇಕು. ದಾರದ ಎಳೆಯ ಮೇಲೆ ಮೊದಲ ಕಣ ಕುಳಿತರೆ ಸರಿ, ಅದರ ಮೇಲೆ ಎರಡನೆಯದು, ಅದರ ಮೇಲೆ ಮೂರನೆಯದು. ಕೆಲವು ದಿನಗಳಲ್ಲಿ ದಾರದ ಸುತ್ತ ಹರಳುಗಳ ಗೊಂಚಲು.

ಬಡಾವಣೆಯ ಬೀದಿಯೂ ಹೀಗೆಯೇ ತುಂಬುತ್ತದೆ. ಒಂದು ಹಳ್ಳಿಯಿಂದ ಒಬ್ಬನು ಪೀಣ್ಯದಲ್ಲಿ ಕೆಲಸ ಹಿಡಿದು, ಆಂಧ್ರಹಳ್ಳಿಯಲ್ಲೋ ಬ್ಯಾಡರಹಳ್ಳಿಯಲ್ಲೋ ಒಂದು ಕೋಣೆಯನ್ನು ಬಾಡಿಗೆಗೆ ಪಡೆಯುತ್ತಾನೆ. ಮುಂದಿನ ವರ್ಷ ತಮ್ಮ ಬರುತ್ತಾನೆ, ಆಮೇಲೆ ಭಾವಮೈದ, ಆಮೇಲೆ ಓರಗೆಯ ಗೆಳೆಯ. ಹೊಸಬನಿಗೆ ಅಡ್ವಾನ್ಸ್ ಹಣಕ್ಕೆ ಕೈಗಡ ಬೇಕು, ಮನೆಯವರಿಗೆ 'ಒಳ್ಳೆಯವನು' ಎಂದು ಹೇಳುವ ಬಾಯಿ ಬೇಕು, ಜ್ವರ ಬಂದರೆ ಗಂಜಿ ಕಾಯಿಸುವ ಕೈ ಬೇಕು. ಹೀಗೆ ಒಂದೊಂದು ಬೀದಿಯಲ್ಲಿ ಒಂದೊಂದು ಸೀಮೆಯ ನುಡಿ ಕೇಳಿಬರುತ್ತದೆ. ಹೊಲಗಳು ಕಂದಾಯ ಬಡಾವಣೆಗಳಾಗಿ, ಇಪ್ಪತ್ತು-ಮೂವತ್ತು, ಮೂವತ್ತು-ನಲವತ್ತು ಅಡಿಗಳ ಸೈಟುಗಳಾಗಿ ಒಡೆದಾಗ, ಕೂಡಿಟ್ಟ ಹಣದಲ್ಲಿ ಸೈಟು ಕೊಂಡವರು ಸಹ ತಮ್ಮವರ ಬಳಿಯಲ್ಲೇ ಕೊಂಡರು. ಇದರಲ್ಲಿ ಯಾರ ತಪ್ಪೂ ಇಲ್ಲ. ಅಪರಿಚಿತ ನಗರದಲ್ಲಿ ಆಸರೆಯ ದಾರ ಯಾರಿಗೆ ಬೇಡ? ಆದರೆ ಇದೇ ಸಹಜವಾದ ಒಲವು ಇನ್ನೊಂದು ಫಲವನ್ನೂ ಕೊಡಬಲ್ಲದು. ಅದನ್ನು ನೀವೇ ಪ್ರಯೋಗಮಾಡಿ ನೋಡಬಹುದು.

ಚದುರಂಗದ ಹಲಗೆಯ ಮೇಲೊಂದು ಬಡಾವಣೆ

ಈ ಪ್ರಯೋಗವನ್ನು ಕಂಡುಹಿಡಿದವನು ಅಮೆರಿಕದ ಅರ್ಥಶಾಸ್ತ್ರಜ್ಞ ಥಾಮಸ್ ಶೆಲಿಂಗ್. ಅವನು ತನ್ನ ಮಗನ ಸಂಗ್ರಹದಲ್ಲಿದ್ದ ನಾಣ್ಯಗಳನ್ನಿಟ್ಟುಕೊಂಡು ಮನೆಯ ಮೇಜಿನ ಮೇಲೆ ಇದನ್ನು ಆಡಿದನು; 1971ರಲ್ಲಿ ವಿಸ್ತಾರವಾಗಿ ಬರೆದು ಪ್ರಕಟಿಸಿದನು. 2005ರಲ್ಲಿ ಅವನಿಗೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ನಮಗೆ ನಾಣ್ಯಗಳೂ ಬೇಡ. ಹುಣಿಸೆ ಬೀಜ, ಅವರೆಕಾಳುಗಳು ಸಾಕು.

ಚದುರಂಗದ ಹಲಗೆಯ ನಾಲ್ಕು ಮೂಲೆಗಳನ್ನು ಖಾಲಿ ಬಿಡಿ. ಮಿಕ್ಕ 60 ಮನೆಗಳಲ್ಲಿ ಕಪ್ಪು ಮನೆಗೆ ಹುಣಿಸೆ ಬೀಜ, ಬಿಳಿ ಮನೆಗೆ ಅವರೆಕಾಳು ಇಡಿರಿ. ತಲಾ 30 ಆಗುತ್ತವೆ. ಇದೊಂದು ಬಡಾವಣೆ. ಒಂದೊಂದು ಬೀಜವೂ ಒಂದು ಸಂಸಾರ. ಸುತ್ತಲಿನ ಎಂಟು ಮನೆಗಳವರು ನೆರೆಯವರು. ಪ್ರತಿಯೊಂದು ಸಂಸಾರದ ಬಯಕೆಯೂ ಬಹಳ ಮಿತವಾದುದು. ನೆರೆಯವರು ಆರರಿಂದ ಎಂಟು ಇದ್ದರೆ ಅವರಲ್ಲಿ ಮೂವರು ತನ್ನ ಬಗೆಯವರಾಗಿದ್ದರೆ ಸಾಕು. ಮೂರರಿಂದ ಐದು ಇದ್ದರೆ ಇಬ್ಬರು. ಒಬ್ಬರೋ ಇಬ್ಬರೋ ಇದ್ದರೆ ಒಬ್ಬರು. ಅಂದರೆ ಎಂಟರಲ್ಲಿ ಐವರು ಬೇರೆ ಬಗೆಯವರಾದರೂ ಅದಕ್ಕೆ ಬೇಸರವಿಲ್ಲ. ಈಗ ಹಲಗೆಯನ್ನು ಪರೀಕ್ಷಿಸಿ: ಪ್ರತಿಯೊಬ್ಬರೂ ತೃಪ್ತರೇ, ಬೀದಿ ಪೂರ್ತಿ ಬೆರೆತಿದೆ.

ಇನ್ನು ಸ್ವಲ್ಪ ಕಲಕೋಣ. ಕಣ್ಣುಮುಚ್ಚಿ 20 ಬೀಜಗಳನ್ನು ತೆಗೆಯಿರಿ. ಊರು ಬಿಟ್ಟುಹೋದವರು ಅವರು. ಖಾಲಿಯಾದ ಮನೆಗಳಲ್ಲಿ ಎಲ್ಲಾದರೂ ಐದು ಬೀಜಗಳನ್ನು ಇಡಿರಿ. ಹೊಸದಾಗಿ ಬಂದವರು ಇವರು. ಈಗ ಅಲ್ಲೊಬ್ಬರು ಇಲ್ಲೊಬ್ಬರು ಅತೃಪ್ತರಾಗಿ ಕಾಣುತ್ತಾರೆ. ಅವರನ್ನು ಒಬ್ಬೊಬ್ಬರಾಗಿ, ತೃಪ್ತಿ ಸಿಕ್ಕುವ ಹತ್ತಿರದ ಖಾಲಿ ಮನೆಗೆ ಸಾಗಿಸುತ್ತ ಬನ್ನಿರಿ. ಒಬ್ಬನು ಹೊರಟಾಗ ಅವನ ಹಳೆಯ ನೆರೆಯವನು ಒಂಟಿಯಾಗುತ್ತಾನೆ, ಅವನೂ ಹೊರಡುತ್ತಾನೆ. ಒಂದು ಚಲನೆ ಇನ್ನೊಂದನ್ನು ಹುಟ್ಟಿಸುತ್ತದೆ. ಎಲ್ಲರೂ ತೃಪ್ತರಾಗಿ ಆಟ ನಿಂತಾಗ ಹಲಗೆಯನ್ನು ನೋಡಿದರೆ ಆಶ್ಚರ್ಯ ಕಾದಿರುತ್ತದೆ: ಒಂದು ಕಡೆ ಹುಣಿಸೆ ಬೀಜಗಳ ಕೇರಿ, ಇನ್ನೊಂದು ಕಡೆ ಅವರೆಕಾಳುಗಳ ಕೇರಿ!

ಬೇರೆಯಾಗಿ ಬಾಳಬೇಕೆಂದು ಇವರಲ್ಲಿ ಒಬ್ಬನೂ ಬಯಸಿರಲಿಲ್ಲ. ಅಲ್ಪಸಂಖ್ಯಾತರಾಗಿರಲು ಪ್ರತಿಯೊಬ್ಬನೂ ಸಿದ್ಧನಿದ್ದನು. ಆದರೂ ಬೀದಿ ಎರಡಾಗಿ ಒಡೆಯಿತು. ನೀರಿನ ಅಣುಗಳು ತಮ್ಮ ಪಕ್ಕದ ಅಣುವನ್ನಷ್ಟೇ ಸೆಳೆದರೂ ಒಟ್ಟಿನಲ್ಲಿ ದುಂಡನೆಯ ಹನಿಯಾಗುವಂತೆ, ಬಿಡಿಬಿಡಿಯಾದ ಸಣ್ಣ ಒಲವುಗಳು ಕೂಡಿ ಯಾರೂ ಬಯಸದ ದೊಡ್ಡ ಆಕಾರವನ್ನು ಕಟ್ಟುತ್ತವೆ.

ಇಲ್ಲೊಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ನಮ್ಮ ನಗರಗಳಲ್ಲಿ ಜನ ಬೇರೆ ಬೇರೆ ಕೇರಿಗಳಾಗಿರುವುದಕ್ಕೆಲ್ಲ ಇಂಥ ಮಿತವಾದ ಒಲವೇ ಕಾರಣವೆಂದು ತಿಳಿದರೆ ತಪ್ಪಾದೀತು. ಗೇಟಿಗೆ ನೇತುಹಾಕಿದ ಟು-ಲೆಟ್ ಹಲಗೆಗಳಲ್ಲಿ 'ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಸಾಲನ್ನು ನಾವೆಲ್ಲ ಓದಿದ್ದೇವೆ. ಹೆಸರನ್ನು ಕೇಳಿ, ಜಾತಿಯನ್ನು ಊಹಿಸಿ, 'ಮನೆ ಆಗಲೇ ಕೊಟ್ಟಾಯಿತು' ಎನ್ನುವ ಮಾತು ಹಲಗೆಯ ಮೇಲೆ ಬರೆದಿರುವುದಿಲ್ಲ, ಅಷ್ಟೆ. ಇದು ಒಲವಲ್ಲ, ನಿರಾಕರಣೆ. ಶೆಲಿಂಗನ ಆಟವು ಇದಕ್ಕೆ ಸಮಾಧಾನವನ್ನು ಒದಗಿಸುವುದಿಲ್ಲ. ಅದು ಹೇಳುವುದು ಇಷ್ಟು: ದ್ವೇಷವೇ ಇಲ್ಲದ ಕಡೆ ಕೂಡ ಬೀದಿ ಒಡೆಯಬಲ್ಲದು, ದ್ವೇಷವೂ ಸೇರಿದರೆ ಕೇಳಬೇಕೆ?

ಆಟದ ಇನ್ನೊಂದು ಪಾಠವನ್ನು ಮರೆಯಬಾರದು. ನಿಯಮವನ್ನು ತುಸು ಸಡಿಲಿಸಿ, ಎಷ್ಟೇ ನೆರೆಯವರಿದ್ದರೂ ತನ್ನ ಬಗೆಯವರು ಒಬ್ಬರಿದ್ದರೆ ಸಾಕೆಂದು ಮಾಡಿ, ಮತ್ತೆ ಆಡಿರಿ. ಈ ಬಾರಿ ಕದಲುವವರು ಕೆಲವರೇ. ಬೆರಕೆ ಬಹುಮಟ್ಟಿಗೆ ಉಳಿಯುತ್ತದೆ. ಒಬ್ಬೊಬ್ಬರ ಮನಸ್ಸಿನಲ್ಲಾಗುವ ಸಣ್ಣ ಬದಲಾವಣೆಯು ಇಡೀ ಬೀದಿಯ ರೂಪವನ್ನು ಬದಲಿಸುತ್ತದೆ. 'ನನ್ನೊಬ್ಬನಿಂದ ಏನಾದೀತು?' ಎನ್ನುವವರು ಈ ಬೀಜಗಳನ್ನು ನೋಡಬೇಕು.

ಪರಮಾಣುವಿಗೆ ವಯಸ್ಸಿಲ್ಲ, ಬಾಡಿಗೆದಾರನಿಗೆ ಉಂಟು

ಬಂದು ನೆಲೆಸಿದವನಿಗೆ ಊರು ತನ್ನದೆಂದು ಎಂದು ಅನ್ನಿಸುತ್ತದೆ? ಮಮತೆಯನ್ನು ಅಳೆಯುವ ಮಾಪಕವಿಲ್ಲ. ಆದರೆ ಮನೆ ಬಿಟ್ಟುಹೋಗುವವರನ್ನು ಎಣಿಸಬಹುದು.

ವಿಕಿರಣಪಟು ವಸ್ತುವಾದ ರೇಡಾನನ್ನು ತೆಗೆದುಕೊಳ್ಳೋಣ. ಅದರ ಅರ್ಧಾಯು 3.8 ದಿನ. ಸಾವಿರ ಪರಮಾಣುಗಳಿದ್ದರೆ 3.8 ದಿನಗಳಲ್ಲಿ ಸುಮಾರು 500 ಒಡೆದುಹೋಗುತ್ತವೆ; ಇನ್ನೊಂದು 3.8 ದಿನಗಳಲ್ಲಿ ಉಳಿದವುಗಳಲ್ಲಿ ಅರ್ಧ. ಪರಮಾಣುವಿಗೆ ವಯಸ್ಸಾಗುವುದಿಲ್ಲ. ತಿಂಗಳು ಬದುಕಿ ಉಳಿದ ಪರಮಾಣುವಿಗೂ ಈಗತಾನೆ ಹುಟ್ಟಿದುದಕ್ಕೂ ನಾಳೆ ಒಡೆಯುವ ಸಂಭವ ಒಂದೇ. ಮನುಷ್ಯರು ಹೀಗಲ್ಲ. ಒಂದೆಡೆ ಹೆಚ್ಚು ಕಾಲ ನೆಲೆಸಿದಷ್ಟೂ ಅಲ್ಲಿಂದ ಏಳುವ ಸಂಭವ ಇಳಿಯುತ್ತದೆಂದು 1960ರ ದಶಕದ ಸಮಾಜವಿಜ್ಞಾನಿಗಳು ಎತ್ತಿತೋರಿಸಿ, ಈ ಗುಣವನ್ನು 'ಸಂಚಿತ ಜಡತ್ವ' ಎಂದು ಕರೆದರು. ಮೊದಲ ವರ್ಷ ಹಾಲಿನವನ ಪರಿಚಯ. ಎರಡನೆಯ ವರ್ಷ ಕಿರಾಣಿ ಅಂಗಡಿಯಲ್ಲಿ ಲೆಕ್ಕದ ಪುಸ್ತಕ. ಮೂರನೆಯ ವರ್ಷ ಮಗುವಿಗೆ ಶಾಲೆ, ಪಡಿತರ ಚೀಟಿ, ಮತದಾರರ ಪಟ್ಟಿಯಲ್ಲಿ ಹೆಸರು. ನಾಲ್ಕನೆಯ ವರ್ಷ ಬೀದಿಯ ಗಣೇಶನ ಚಂದಾ ಎತ್ತುವವರಲ್ಲಿ ತಾನೂ ಒಬ್ಬ. ಇವೆಲ್ಲ ಬಹಳ ಚಿಕ್ಕ ಗಂಟುಗಳು. ಆದರೆ ಒಂದರ ಮೇಲೊಂದು ಬಿದ್ದ ಗಂಟುಗಳನ್ನು ಬಿಚ್ಚುವುದು ಕಷ್ಟ.

ವಿಜ್ಞಾನದ ವಿದ್ಯಾರ್ಥಿ ಇಲ್ಲಿ ಒಂದು ಆಕ್ಷೇಪವನ್ನು ಎತ್ತಬೇಕು. ಎರಡು ಬಗೆಯ ವಿಕಿರಣಪಟು ವಸ್ತುಗಳ ಮಿಶ್ರಣವಿದ್ದರೆ, ಉದಾಹರಣೆಗೆ 8 ದಿನಗಳ ಅರ್ಧಾಯುವಿನ ಅಯೋಡಿನ್-131 ಮತ್ತು 30 ವರ್ಷಗಳ ಸೀಸಿಯಂ-137, ಆಗ ಒಡೆಯುವ ವೇಗ ಮೊದಲು ಬಹಳವಾಗಿದ್ದು ಬರಬರುತ್ತ ಇಳಿಯುತ್ತದೆ. ಆದರೂ ಯಾವ ಪರಮಾಣುವಿನ ಸ್ವಭಾವವೂ ಬದಲಾಗಿರುವುದಿಲ್ಲ. ಬೇಗ ಹೋಗುವವು ಹೋಗಿ, ನಿಲ್ಲುವವು ಉಳಿದಿವೆ, ಅಷ್ಟೆ. ಬೀದಿಯಲ್ಲೂ ಸ್ವಂತ ಮನೆಯವರು ನಿಲ್ಲುವವರು, ಬಾಡಿಗೆಯವರು ಹೋಗುವವರು ಎಂದರೆ ಇದೇ ಫಲಿತಾಂಶ ಬರುವುದಿಲ್ಲವೆ? ಆಕ್ಷೇಪ ಸರಿಯಾದುದೇ. ಆದರೆ ಪರಮಾಣು ಸೀಸಿಯಮ್ಮೋ ಅಯೋಡಿನ್ನೋ ಎಂಬುದು ನಿಸರ್ಗದ ನಿಯಮ; ಮನುಷ್ಯನು ನಿಲ್ಲುವವನಾಗುವನೋ ಹೋಗುವವನಾಗುವನೋ ಎಂಬುದು ಬಹುಮಟ್ಟಿಗೆ ಕರಾರಿನ ನಿಯಮ.

ಬೆಂಗಳೂರಿನ ಬಾಡಿಗೆ ಕರಾರುಗಳೆಲ್ಲ ಸಾಮಾನ್ಯವಾಗಿ 11 ತಿಂಗಳಿನವು. ಇದೇಕೆ, 12 ಏಕಲ್ಲ? 1908ರ ನೋಂದಣಿ ಕಾಯಿದೆಯಂತೆ ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಆ ಖರ್ಚನ್ನೂ ಓಡಾಟವನ್ನೂ ಉಳಿಸಿಕೊಳ್ಳಲು 11 ತಿಂಗಳ ರೂಢಿ ಬಂದಿತು. ಕಾಗದದ ಮೇಲೆ ಇದು ಸಣ್ಣ ಅನುಕೂಲ. ಆದರೆ ಬಾಡಿಗೆದಾರನ ಗಡಿಯಾರವನ್ನು ಇದು 11 ತಿಂಗಳಿಗೊಮ್ಮೆ ಸೊನ್ನೆಗೆ ತಿರುಗಿಸಬಲ್ಲದು. ಬಾಡಿಗೆ ಏರಿತೆಂದೋ, ಮನೆಯವರ ಮಗನಿಗೆ ಮದುವೆಯೆಂದೋ ಸಾಮಾನು ಕಟ್ಟಿದ ಸಂಸಾರವು ಎರಡು ಕ್ರಾಸು ಆಚೆಗೆ ಹೋದರೂ ಹಳೆಯ ಗಂಟುಗಳಲ್ಲಿ ಕೆಲವಾದರೂ ಕಡಿಯುತ್ತವೆ. ಕುಣಿಗಲ್ ಕಡೆಯ ಆ ಹುಡುಗನು ಹುಟ್ಟಿದಂದಿನಿಂದ ಐದು ಮನೆಗಳನ್ನು ಬದಲಿಸಿದ್ದಾನೆ. ಐದೂ ಬ್ಯಾಡರಹಳ್ಳಿಯ ಆಸುಪಾಸಿನವೇ. ಅವನ ಪಾಲಿಗೆ ಕದಲದೆ ಉಳಿದದ್ದು ವರ್ಷಕ್ಕೊಮ್ಮೆ ನೋಡುವ ತಂದೆಯ ಹಳ್ಳಿಯೊಂದೇ. 'ನಿನ್ನ ಊರು ಯಾವುದು?' ಎಂದರೆ ಅವನು ಆ ಸ್ಥಿರಬಿಂದುವನ್ನು ಹೆಸರಿಸಿದನು. ಉತ್ತರ ವಿಚಿತ್ರವೆಂದು ನನಗೆ ಮೊದಲು ತೋರಿತ್ತು. ಯೋಚಿಸಿದರೆ ಅದಕ್ಕಿಂತ ಸರಿಯಾದ ಉತ್ತರವಿಲ್ಲ.

ನಿಂತವರ ವಲಸೆ

ಇನ್ನು ಎರಡನೆಯ ಹುಡುಗನ ಮಾತು. ಅವನ ಮನೆಯವರು ಕದಲಲಿಲ್ಲ. ಹೊಲ ಸೈಟಾಯಿತು, ಹಾದಿ ಕ್ರಾಸಾಯಿತು, ರಾಗಿ ಒಕ್ಕುತ್ತಿದ್ದ ಕಣದ ಮೇಲೆ ಮೂರು ಅಂತಸ್ತಿನ ಬಾಡಿಗೆ ಮನೆಗಳೆದ್ದವು. ಹಣ ಬಂದಿತು, ಇಲ್ಲವೆನ್ನುವಂತಿಲ್ಲ. ಬಂದವರ ಬಾಡಿಗೆಯಿಂದಲೇ ಅವನ ಕಾಲೇಜಿನ ಶುಲ್ಕ ಸಲ್ಲುತ್ತದೆ. ಆದರೆ ಅವನ ಅಜ್ಜನಿಗೆ ಬೀದಿಯಲ್ಲಿ ಹತ್ತು ಜನ ಎದುರಾದರೆ ಒಂಬತ್ತು ಜನರ ಹೆಸರು ಗೊತ್ತಿಲ್ಲ. ನಿಂತಲ್ಲೇ ನಿಂತ ಆ ವೃದ್ಧರನ್ನು ಬಿಟ್ಟು ಪಕ್ಕದ ರೈಲು ಹೊರಟುಹೋಗಿದೆ. ನಿರ್ದೇಶದ ಚೌಕಟ್ಟನ್ನು ಬದಲಿಸಿ ನೋಡಿದರೆ ಅವರೂ ವಲಸಿಗರೇ. ಗಂಟುಮೂಟೆಯಿಲ್ಲದೆ, ಹೊಸ್ತಿಲನ್ನು ದಾಟದೆ, ಹಳ್ಳಿಯಿಂದ ನಗರಕ್ಕೆ ಸಾಗಿದವರು.

ಇದು ಇಲ್ಲಿಗೆ ಮುಗಿಯುವ ಕಥೆಯಲ್ಲ. ಹೊಸಹಳ್ಳಿಯಿಂದ ಮಾಗಡಿ ರಸ್ತೆಯ ಮೇಲೆ ಕಡಬಗೆರೆಯವರೆಗೆ ಸುಮಾರು 12.5 ಕಿ.ಮೀ. ಉದ್ದದ ಮೆಟ್ರೋ ಮಾರ್ಗಕ್ಕೆ ಕೇಂದ್ರ ಸಚಿವ ಸಂಪುಟವು 2024ರ ಆಗಸ್ಟ್‌ನಲ್ಲಿ ಅನುಮೋದನೆ ನೀಡಿತು. ಬ್ಯಾಡರಹಳ್ಳಿಯಲ್ಲೂ ಒಂದು ನಿಲ್ದಾಣವುಂಟು. ಜಿಪ್ಫನ ಸೂತ್ರದಲ್ಲಿ ದೂರವೆಂದರೆ ಕಿಲೋಮೀಟರು. ಬದುಕಿನಲ್ಲಿ ದೂರವೆಂದರೆ ಹೊತ್ತು ಮತ್ತು ಖರ್ಚು. ರೈಲು ಬಂದಾಗ ದೂರ ಕುಗ್ಗುತ್ತದೆ, ಸೆಳೆತ ಹೆಚ್ಚುತ್ತದೆ. ಅದರ ಹಿಂದೆಯೇ ಬಾಡಿಗೆಯೂ ಏರಿದರೆ, ಇಂದಿನ ಬಾಡಿಗೆದಾರರು ಇನ್ನೂ ಆಚೆಗೆ ಸರಿಯಬೇಕಾದೀತು. ಅಲ್ಲಿ ಮತ್ತೊಂದು ಹಳ್ಳಿಯ ಅಜ್ಜ ನಿಂತಲ್ಲೇ ಪ್ರಯಾಣ ಹೊರಡುತ್ತಾನೆ.

ಹೀಗಿರಲು, ವಲಸೆ ಬಂದವರು ಇವರು, ಮೂಲದವರು ಇವರು ಎಂದು ಗೆರೆ ಎಳೆದು ಜಗಳವಾಡುವುದರಲ್ಲಿ ಅರ್ಥವೇನು? ಚಲನೆ ಸಾಪೇಕ್ಷವೆಂದ ಮೇಲೆ ಆ ಗೆರೆಯೂ ಸಾಪೇಕ್ಷವೇ. ಇಬ್ಬರ ನಷ್ಟವೂ ಒಂದೇ ಜಾತಿಯದು: ಹಳಬನ ಗಂಟುಗಳು ಕಡಿದಿವೆ, ಹೊಸಬನ ಗಂಟುಗಳು ಬೀಳಲಿಲ್ಲ. ಗಂಟು ಹಾಕುವುದಕ್ಕೆ ಕಾಲ ಬೇಕು, ಒಡನಾಟ ಬೇಕು. ಕಾಲವನ್ನು ಕರಾರುಗಳು ಕೊಡಬಹುದು, ಇಲ್ಲವೆ ಕಸಿದುಕೊಳ್ಳಬಹುದು. ಒಡನಾಟವನ್ನು ಕೊಡುವವರು ನೆರೆಯವರು. ಬಂದ ನಾಡಿನ ನುಡಿಯನ್ನು ನಾಲ್ಕು ಮಾತಾದರೂ ಕಲಿಯುವುದು ಬಂದವನ ಕಡೆಯ ಗಂಟು. ತಪ್ಪು ಉಚ್ಚಾರಣೆಗೆ ನಗದೆ ಕಲಿಸುವುದು ಇದ್ದವನ ಕಡೆಯ ಗಂಟು. ಒಂದೇ ತುದಿಯಿಂದ ಗಂಟು ಬೀಳುವುದಿಲ್ಲ.

ಬ್ಯಾಡರಹಳ್ಳಿಯ ಸುತ್ತಲಿನವರು ತಮ್ಮ ವಿಳಾಸದಲ್ಲಿ ಬರೆಯುವ ಅಂಚೆಯ ಹೆಸರು ವಿಶ್ವನೀಡಂ. ನೀಡವೆಂದರೆ ಗೂಡು; ವಿಶ್ವವೇ ಒಂದು ಗೂಡಾಗಲಿ ಎಂಬ ಪುರಾತನ ಆಶಯ ಆ ಹೆಸರಿನಲ್ಲಿದೆ. ದಿನವೂ ಬರೆಯುವವರಲ್ಲಿ ಅದರ ಅರ್ಥವನ್ನು ಯೋಚಿಸಿದವರು ಎಷ್ಟು ಮಂದಿಯೋ! ಗೂಡು ಆಕಾಶದಿಂದ ಬಿದ್ದದ್ದಲ್ಲ. ಬೇರೆ ಬೇರೆ ಕಡೆಯಿಂದ ಹೆಕ್ಕಿ ತಂದ ಕಡ್ಡಿಗಳನ್ನು ಒಂದಕ್ಕೊಂದು ಹೆಣೆದದ್ದು.

ವಿದ್ಯಾರ್ಥಿ ಮಿತ್ರರು ಈ ವಾರ ಒಂದು ಪ್ರಯೋಗ ಮಾಡಬಹುದು. ಪ್ರಯೋಗಶಾಲೆ ಬೇಡ, ಒಂದು ನೋಟುಪುಸ್ತಕ ಸಾಕು. ನಿಮ್ಮ ಬೀದಿಯ ಇಪ್ಪತ್ತು ಮನೆಗಳಿಗೆ ಹೋಗಿ, ಯಾವ ಕಡೆಯಿಂದ ಬಂದಿರಿ, ಎಷ್ಟು ವರ್ಷವಾಯಿತು, ಇಲ್ಲಿ ಎಷ್ಟು ಮನೆ ಬದಲಿಸಿದಿರಿ ಎಂದು ವಿನಯದಿಂದ ಕೇಳಿರಿ. ದೂರವನ್ನು ಒಂದು ಅಕ್ಷದ ಮೇಲೂ ಮನೆಗಳ ಸಂಖ್ಯೆಯನ್ನು ಇನ್ನೊಂದು ಅಕ್ಷದ ಮೇಲೂ ಗುರುತಿಸಿ ನಕ್ಷೆ ಬರೆಯಿರಿ. ಜಿಪ್ಫನ ಸೂತ್ರ ನಿಮ್ಮ ಬೀದಿಗೆ ಎಷ್ಟರಮಟ್ಟಿಗೆ ಹೊಂದುತ್ತದೆಯೋ ನೋಡಿರಿ. ಹೊಂದದಿದ್ದರೂ ಚಿಂತೆಯಿಲ್ಲ. ಇಪ್ಪತ್ತು ಬಾಗಿಲುಗಳನ್ನು ತಟ್ಟಿ, ಇಪ್ಪತ್ತು ಹೆಸರುಗಳನ್ನು ತಿಳಿದು ಬಂದಿರುತ್ತೀರಿ.